ಸಹಾಯ ಬೇಕ್ರಿ: ನೀಲ್ ದ್ವೀಪದಾಗ ಎರಡ್ ದಿನ ಏನ್ ಮಾಡೂದು?

ನಮಸ್ಕಾರ್ರಿ, ನಾವು ವಿಜಯಪುರದವ್ರು, ಡಿಸೆಂಬರ್‌ದಾಗ ಅಂಡಮಾನಿಗೆ ಹೊಂಟೇವಿ, ಪೋರ್ಟ್ ಬ್ಲೇರ್‌ಗೆ 2024ರಾಗ ಶ್ರೀ ವಿಜಯಪುರಂ ಅಂತ ಹೆಸರಿಟ್ಟಾರಲ್ರಿ, ಅದಕ್ಕ ನಮ್ಮವ್ವ "ವಿಜಯಪುರದಿಂದ ವಿಜಯಪುರಕ್ಕ ಹೋಗಾಕ ಇಷ್ಟ್ ರೊಕ್ಕ ಯಾಕ" ಅಂತಾಳ. ಅಲ್ಲಿಂದ ಹಡಗ ಹತ್ತಿ ನೀಲ್, ಅಂದ್ರ ಈಗಿನ ಶಹೀದ್ ದ್ವೀಪದಾಗ ಎರಡ್ ದಿನ ಇರಾವ್ರು. ಅಲ್ಲಿ ಭರತ್‌ಪುರ ಬೀಚ್‌ನ್ಯಾಗ ಸ್ನಾರ್ಕ್ಲಿಂಗ್ (ಬಾಯಾಗ ಉಸುರಿನ ಕೊಳವಿ ಇಟ್ಕೊಂಡು ನೀರಾಗ ಮುಖ ಹಾಕಿ ಮೀನ, ಹವಳ ನೋಡೂದು) ಮಾಡ್ಬೇಕಂತ ಮಗಳ ಹಟ, ಆದ್ರ ಮನ್ಯಾಗ ಯಾರಿಗೂ ಈಜಾಕ ಬರಂಗಿಲ್ರಿ, ಭೂತನಾಳ ಕೆರಿ ದಂಡಿಗೆ ಕುಂತು ಚುರುಮುರಿ ತಿಂದವ್ರು ನಾವು! ಗಾಜಿನ ತಳದ ಬೋಟ್ ಸಾಕೇನು? ಲಕ್ಷ್ಮಣ್‌ಪುರದ ಕಲ್ಲಿನ ಕಮಾನು ನೀರ್ ಇಳದಾಗ ಹೋಗಿ ನೋಡ್ಬೇಕಂತ, ಆ ಚೂಪ್ ಹವಳದ ಕಲ್ಲ ಮ್ಯಾಲ ಅವ್ವನ ಮೊಣಕಾಲ ನಡಿತಾವೋ ಇಲ್ಲೋ? ಬಾಡಗಿ ಸೈಕಲ್ ಛಲೋನೋ ಆಟೋನೋ? ಸಂಜಿ 5ರ ಸುಮಾರಿಗೇ ಹೊತ್ತ ಮುಳಗ್ತದಂತ, ಹೋಗಿ ಬಂದವ್ರು ಲಗೂನ ಹೇಳ್ರಿ.