ಪದಚರ್ಚೆ: ಗಾಡಿಯ ‘ಎಳೆತ’, ‘ದಮ್ಮು’, ‘ಸಿಸಿ’

ಗೆಳೆಯರೇ,

ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಟೀಚರ್, ಇಂಜಿನ್ ದೊಡ್ಡದಾದ್ರೆ ಪವರ್ ಜಾಸ್ತಿ, ಮೈಲೇಜ್ ಕಮ್ಮಿ ಹೇಳ್ತಾರಲ್ಲ, ಹಾಗಾದ್ರೆ ಟಾರ್ಕ್ ಅಂದ್ರೆ ಎಂತ?” ಒಳ್ಳೆ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು, ಅದನ್ನು ಹೇಳುವ ಕನ್ನಡ ಸಿಗಲಿಲ್ಲ. ಅದಕ್ಕೇ ಈ ಪತ್ರ.

ಪುಸ್ತಕದ ಕನ್ನಡದಲ್ಲಿ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ತಳ್ಳುವುದು, ಎಳೆಯುವುದು ಬಲ. ಕೆಲಸ ಮಾಡಲು ಒಳಗೆ ಇರುವ ಕಸುವು ಶಕ್ತಿ. ಒಂದು ಸೆಕೆಂಡಿಗೆ ಎಷ್ಟು ಕೆಲಸ ಆಯಿತು ಅನ್ನುವುದು ಸಾಮರ್ಥ್ಯ. ರಸ್ತೆಗೆ ಇಳಿದರೆ ಮೂರಕ್ಕೂ ಪವರ್ ಒಂದೇ. ಪುಸ್ತಕವೂ ಪೂರ್ತಿ ಸರಿ ಇಲ್ಲ. ಸಾಮರ್ಥ್ಯದ ಹಳೇ ಅಳತೆಯನ್ನು ನಾವು ‘ಅಶ್ವಶಕ್ತಿ’ ಅನ್ನುತ್ತೇವೆ. ಅಲ್ಲಿರುವುದು ಶಕ್ತಿಯಲ್ಲ, ಸಾಮರ್ಥ್ಯ. ಮಕ್ಕಳು ಗೊಂದಲ ಮಾಡಿಕೊಂಡರೆ ತಪ್ಪು ಅವರದ್ದಲ್ಲ, ಅಲ್ವಾ?

ಈಗ ಗ್ಯಾರೇಜಿನ ಮಾತು. ಎರಡು ತಿಂಗಳ ಹಿಂದೆ ನಮ್ಮ ಹಳೇ ಸಣ್ಣ ಕಾರು ಮನೆ ಹತ್ತಿರದ ಚಡಾವು ಹತ್ತದೆ ನಿಂತಿತು. ಒಳಗೆ ಐದು ಜನ, ಹಿಂದೆ ಒಂದು ಚೀಲ ಅಡಿಕೆ. ಗ್ಯಾರೇಜಿನ ಯಜಮಾನರು ಮಲಯಾಳಂನವರು. ಒಂದು ಸುತ್ತು ಓಡಿಸಿ ಬಂದು “ವಣ್ಡಿ ವಲಿಕ್ಕುನ್ನಿಲ್ಲ” ಅಂದರು. ಅವರ ಹುಡುಗ ನನ್ನ ಕಡೆ ತಿರುಗಿ ತುಳುವಿನಲ್ಲಿ “ಗಾಡಿ ಒಯ್ಪುಜಿ” ಅಂದ. ನಾನು ಮನೆಗೆ ಫೋನ್ ಮಾಡಿ “ಗಾಡಿ ಎಳೆಯುವುದಿಲ್ಲವಂತೆ” ಅಂದೆ. ಭಾಷೆ ಮೂರಾದರೂ ಮಾತು ಒಂದೇ. ತುಳುವಿನ ಒಯ್ಪುನಿ ಅಂದರೆ ಎಳೆಯುವುದು. ನಮ್ಮ ‘ಒಯ್ಯು’ ಅದರ ಒಡಹುಟ್ಟು.

ಆಮೇಲೆ ಯಜಮಾನರು ಬಾನೆಟ್ ಎತ್ತಿ ಏರ್ ಫಿಲ್ಟರ್ ಬಿಚ್ಚಿದರು. ನೆಲಕ್ಕೆ ಎರಡು ಸಲ ಬಡಿದರು. ಮುರಕಲ್ಲಿನ ಕೆಂಪು ಧೂಳು ಒಂದು ಹಿಡಿಯಷ್ಟು ಉದುರಿತು. ಕಾಗದದ ಮಡಿಕೆಗಳ ನಡುವೆ ಬೆಳಕೇ ಕಾಣುತ್ತಿರಲಿಲ್ಲ. ಗಾಡಿಗೆ ಉಸಿರು ಕಟ್ಟಿತ್ತು, ಅಷ್ಟೇ. ಹೊಸ ಫಿಲ್ಟರ್ ಹಾಕಿಸಿ ಅದೇ ದಾರಿಯಲ್ಲಿ ಬಂದೆವು. ಅದೇ ಚಡಾವನ್ನು ಸೆಕೆಂಡ್ ಗೇರಿನಲ್ಲಿ ಆರಾಮವಾಗಿ ಹತ್ತಿತು.

ಅವತ್ತಿನಿಂದ ಈ ಪದಗಳು ತಲೆಯಲ್ಲಿ ಸುತ್ತುತ್ತಿವೆ. ಮಲಯಾಳಂನಲ್ಲಿ ‘ವಲಿಕ್ಕುಕ’ ಅಂದರೆ ಎಳೆಯುವುದು. ಬೀಡಿ ಸೇದುವುದಕ್ಕೂ ಅದೇ ಪದ. ‘ವಲಿವ್’ ಅಂದರೆ ಉಬ್ಬಸ. ಈಗ ಕನ್ನಡದ ‘ದಮ್ಮು’ ನೋಡಿ. ದಮ್ಮು ಅಂದರೆ ಉಸಿರು. ‘ದಮ್ಮಿದ್ದರೆ ಬಾ’ ಅಂದರೆ ತಾಕತ್ತು. ‘ದಮ್ಮು ಎಳೆದ’ ಅಂದರೆ ಬೀಡಿ ಸೇದಿದ. ‘ಅವರಿಗೆ ದಮ್ಮು’ ಅಂದರೆ ಕಾಯಿಲೆ. ಎರಡೂ ಭಾಷೆಗಳು ಎಳೆತವನ್ನೂ ಉಸಿರನ್ನೂ ಒಂದೇ ಕಡೆ ಕಟ್ಟಿವೆ. ಇಂಜಿನ್ ಕೆಲಸ ಮಾಡುವುದೂ ಹಾಗೆಯೇ. ಅದು ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟಕ್ಕೆ ತಕ್ಕಷ್ಟು ಪೆಟ್ರೋಲ್ ಸುಡಬಲ್ಲದು.

‘ಸಿಸಿ’ ಅಂದರೆ ಆ ಉಸಿರಿನ ಅಳತೆ, ಘನ ಸೆಂಟಿಮೀಟರಿನಲ್ಲಿ. ಮಾರುತಿ 800 ಕಾರಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ, ಅಂದರೆ ಸಿಲಿಂಡರಿನ ಅಗಲ 68.5 ಮಿಲಿಮೀಟರ್. ಅದರೊಳಗಿನ ಬಿರಡೆ, ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಇಳಿಯುವ ದೂರ 72 ಮಿಲಿಮೀಟರ್. ಆ ಅಗಲದ ವೃತ್ತದ ವಿಸ್ತೀರ್ಣವನ್ನು ಈ ದೂರದಿಂದ ಗುಣಿಸಿದರೆ ಸುಮಾರು 265 ಸಿಸಿ, ಒಂದು ದೊಡ್ಡ ಲೋಟದಷ್ಟು. ಅಂಥ ಸಿಲಿಂಡರ್ ಮೂರು. ಹಾಗಾಗಿ 796. ಹೆಸರಿನಲ್ಲಿರುವ 800 ಬಂದದ್ದು ಎಲ್ಲಿಂದ ಅಂತ ಮಕ್ಕಳಿಗೆ ಅವತ್ತು ಗೊತ್ತಾಯಿತು. ಅವರ ಖುಷಿ ನೋಡಬೇಕಿತ್ತು.

ಅಂದರೆ ಸಿಸಿ ಪವರ್ ಅಲ್ಲ. ‘ಎಷ್ಟು ಸಿಸಿ’ ಅಂತ ಕೇಳಿ ತಾಕತ್ತು ಅಳೆಯುವ ನಮ್ಮ ರೂಢಿ ಅರ್ಧ ಮಾತ್ರ ಸರಿ. 2018ರ ಸ್ವಿಫ್ಟ್ ತಗೊಳ್ಳಿ. ಪೆಟ್ರೋಲ್ ಇಂಜಿನ್ 1197 ಸಿಸಿ, ಸುಮಾರು 83 ಅಶ್ವಶಕ್ತಿ, ಟಾರ್ಕ್ (ತಿರುಚುವ ಬಲ) 113 ನ್ಯೂಟನ್ ಮೀಟರ್. ಡೀಸೆಲ್ 1248 ಸಿಸಿ, 75 ಅಶ್ವಶಕ್ತಿ, ಟಾರ್ಕ್ 190. ಸಿಸಿ ಹೆಚ್ಚುಕಡಿಮೆ ಒಂದೇ. ಡೀಸೆಲ್ ಗಾಡಿಯ ಅಶ್ವಶಕ್ತಿ ಕಮ್ಮಿ, ಆದರೆ ಚಡಾವಿನಲ್ಲಿ ಅದೇ ಜಾಸ್ತಿ ಎಳೆಯುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲೇ ಅದರ ಪೂರ್ತಿ ಎಳೆತ ಸಿಗುತ್ತದೆ. ಪೆಟ್ರೋಲಿನದ್ದಕ್ಕೆ 4200 ಸುತ್ತು ಬೇಕು. ಡೀಸೆಲಿನಲ್ಲಿ ಟರ್ಬೊ ಇದೆ, ಅದು ಗಾಳಿಯನ್ನು ತುರುಕಿ ತುಂಬುತ್ತದೆ. ಲೋಟ ಅಷ್ಟೇ ಇದ್ದರೂ ಒಳಗೆ ಹಿಡಿಯುವ ಗಾಳಿ ಜಾಸ್ತಿ. 999 ಸಿಸಿಯ ಟರ್ಬೊ ಪೆಟ್ರೋಲ್ ಇಂಜಿನ್ ಇದ್ದ ಇಕೋಸ್ಪೋರ್ಟ್ 125 ಅಶ್ವಶಕ್ತಿ ಕೊಡುತ್ತಿತ್ತು.

ಆದ್ದರಿಂದ ನನ್ನ ಸಲಹೆ: ಟಾರ್ಕ್‌ಗೆ ‘ಎಳೆತ’, ಪವರ್‌ಗೆ ‘ದಮ್ಮು’. ಒಂದು ಸುತ್ತಿನಲ್ಲಿ ಚಕ್ರವನ್ನು ಎಷ್ಟು ಜೋರಾಗಿ ತಿರುಚುತ್ತದೆ ಅನ್ನುವುದು ಎಳೆತ. ಆ ಎಳೆತವನ್ನು ವೇಗವಾಗಿ ಸುತ್ತುತ್ತಲೂ ಉಳಿಸಿಕೊಂಡರೆ ದಮ್ಮು. ಎಳೆತವನ್ನು ಸುತ್ತುವ ವೇಗದಿಂದ ಗುಣಿಸಿದರೆ ಬರುವುದೂ ಅದೇ. ‘ಎಳೆತ’ಕ್ಕೆ ಒಂದು ತೊಡಕಿದೆ. ಗಾಡಿಯನ್ನು ಹಿಂದಕ್ಕೆ ಹಿಡಿಯುವ ಗಾಳಿಯ ಕೆಲಸಕ್ಕೂ ಕೆಲವರು ‘ಎಳೆತ’ ಬಳಸುತ್ತಾರೆ. ಮುಂದಕ್ಕೆ ಒಯ್ಯುವುದಕ್ಕೂ ಹಿಂದಕ್ಕೆ ಜಗ್ಗುವುದಕ್ಕೂ ಒಂದೇ ಪದ ಆಗದು. ಅದನ್ನು ‘ಗಾಳಿಯ ತಡೆ’ ಅಂದರೆ ಸಾಕು ಅನಿಸುತ್ತದೆ. ಸಿಸಿಯನ್ನು ಸಿಸಿ ಅಂತಲೇ ಬಿಡೋಣ, ಎಲ್ಲರ ಬಾಯಲ್ಲೂ ಕೂತಿದೆ. ಸರಕಾರವೂ ಅದರಲ್ಲೇ ‘ಸಣ್ಣ ಕಾರು’ ಯಾವುದು ಅಂತ ತೀರ್ಮಾನಿಸುತ್ತದೆ: 4 ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿಯೊಳಗೆ, ಡೀಸೆಲ್ ಆದರೆ 1500ರೊಳಗೆ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ 18 ಶೇಕಡಾ.

ಇನ್ನು ‘ಮೈಲೇಜ್’. ಮೈಲಿ ಹೋಗಿ ಎಷ್ಟೋ ಕಾಲವಾಯಿತು, ಅಳೆಯುವುದು ಕಿಲೋಮೀಟರಿನಲ್ಲಿ, ಹೆಸರು ಮಾತ್ರ ಉಳಿದಿದೆ. ನನಗೆ ಹೆಚ್ಚು ಇಷ್ಟವಾಗುವುದು ನಮ್ಮ ಎರಡು ಕ್ರಿಯಾಪದಗಳು. ‘ಗಾಡಿ ಲೀಟರಿಗೆ 20 ಕೊಡುತ್ತದೆ’ ಅನ್ನುತ್ತೇವೆ. ‘ಗಾಡಿ ಪೆಟ್ರೋಲ್ ಕುಡಿಯುತ್ತದೆ’ ಅಂತಲೂ ಅನ್ನುತ್ತೇವೆ. ಮೆಚ್ಚುವಾಗ ಕೊಡುವುದು, ಬೈಯುವಾಗ ಕುಡಿಯುವುದು. ಯುರೋಪಿನಲ್ಲಿ ಕುಡಿಯುವ ಲೆಕ್ಕವೇ ರೂಢಿ: 100 ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ. ಈ ಲೆಕ್ಕ ಮಾಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 10 ಕೊಡುವ ಗಾಡಿ 100 ಕಿಲೋಮೀಟರಿಗೆ 10 ಲೀಟರ್ ಕುಡಿಯುತ್ತದೆ, 15 ಕೊಡುವುದು 6.7. ಉಳಿತಾಯ ಮೂರು ಲೀಟರಿಗೂ ಜಾಸ್ತಿ. 20 ಕೊಡುವುದು 5 ಲೀಟರ್, 25 ಕೊಡುವುದು 4. ಉಳಿತಾಯ ಒಂದೇ ಲೀಟರ್. ಎರಡು ಕಡೆಯೂ ಏರಿದ್ದು ಐದೈದೇ.

ಸಣ್ಣ ಇಂಜಿನ್ ಕಮ್ಮಿ ಕುಡಿಯುವುದು ಏಕೆ ಅನ್ನುವುದಕ್ಕೂ ಉಸಿರೇ ಉತ್ತರ. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ದೊಡ್ಡ ಪೆಟ್ರೋಲ್ ಇಂಜಿನಿನ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆ ಸಂದಿಯಲ್ಲಿ ಗಾಳಿ ಎಳೆಯಲಿಕ್ಕೇ ಅದು ಕಷ್ಟಪಡಬೇಕು. ಒಳಗಿನ ತಿಕ್ಕಾಟವೂ ಜಾಸ್ತಿ, ತೂಕವೂ ಜಾಸ್ತಿ. ಸಣ್ಣದ್ದು ಅದೇ ಕೆಲಸಕ್ಕೆ ಬಾಯಿ ಅಗಲವಾಗಿ ತೆರೆದು ಉಸಿರಾಡುತ್ತದೆ. ಆದರೆ ಐದು ಜನ ತುಂಬಿಸಿ ಬಾಯಾರಿನ ಕಡೆಯ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ತುಳಿದರೆ ಲೆಕ್ಕ ತಿರುಗಿಬಿಡುತ್ತದೆ. ಸಣ್ಣ ಇಂಜಿನ್ ಏದುಸಿರು ಬಿಡುತ್ತಾ ಯದ್ವಾತದ್ವಾ ಕುಡಿಯುತ್ತದೆ. ಕುಂಬಳೆಯ ಹೆದ್ದಾರಿಯಲ್ಲಿ ಓಡಾಡುವವರಿಗೂ ನಮ್ಮ ಗುಡ್ಡೆಯವರಿಗೂ ಒಂದೇ ಗಾಡಿ ಬೇರೆ ಬೇರೆ ಮೈಲೇಜ್ ಕೊಡುವುದು ಇದಕ್ಕೇ.

ಈಗ ನಿಮ್ಮನ್ನು ಕೇಳುವುದು. ಪವರ್‌ಗೆ ‘ದಮ್ಮು’ ಅಂದರೆ ಓದುವವರಿಗೆ ಕಾಯಿಲೆಯೇ ಮೊದಲು ನೆನಪಾಗುತ್ತದೆಯೇ? ಹೊಸೂರು, ತಾಳವಾಡಿ, ಅಕ್ಕಲಕೋಟೆ, ಸೊಲ್ಲಾಪುರ, ಆದೋನಿ, ಮಡಕಶಿರದ ಕಡೆಯ ಗಡಿನಾಡ ಕನ್ನಡಿಗರು ಈ ಬಳಗದಲ್ಲಿದ್ದೀರಿ. ತುಂಬಿದ ಗಾಡಿ ಏರಿನಲ್ಲಿ ನಿಂತಾಗ ನಿಮ್ಮಲ್ಲಿ ಏನನ್ನುತ್ತಾರೆ? ತಮಿಳೋ ಮರಾಠಿಯೋ ತೆಲುಗೋ ಬೆರೆತಿದ್ದರೂ ಪರವಾಗಿಲ್ಲ. ಗ್ಯಾರೇಜಿನಲ್ಲಿ ಕೇಳಿದ ಮಾತನ್ನು ಇಡೀ ವಾಕ್ಯವಾಗಿ ಹಾಗೇ ಬರೆದು ಕಳಿಸಿ. ಸೋಮವಾರ ಆ ಹುಡುಗನಿಗೆ ಓದಿ ಹೇಳಬೇಕು.