ಜೈಲಿನಲ್ಲಿ ಮಾತ್ರೆ ಹಂಚುವಾಗ ಡೋಸ್ ತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ?

ಕುಡ್ಲದ ಫಾರ್ಮಸಿಸ್ಟ್:
ನಮಸ್ಕಾರ. ನಾನು ಮಂಗಳೂರಿನವನು. ಮೂರು ತಿಂಗಳಿಂದ ಒಂದು ಜೈಲಿನ ಔಷಧಿ ಕೋಣೆ ನೋಡಿಕೊಳ್ಳುತ್ತಿದ್ದೇನೆ, ಯಾವ ಜೈಲು ಅಂತ ಕೇಳಬೇಡಿ. ಕೋಣೆ ಅಂದ್ರೆ ಒಂದು ಕಬ್ಬಿಣದ ಕಪಾಟು, ಒಂದು ಫ್ರಿಜ್, ಒಂದು ಮೇಜು. ಸ್ಟಾಕ್ ಉಂಟು. ಆದರೆ ಮಾತ್ರೆ ಕಪಾಟಿನಿಂದ ರೋಗಿಯ ಹೊಟ್ಟೆಗೆ ಹೋಗುವ ದಾರಿಯಲ್ಲಿ ಕಳೆದುಹೋಗುತ್ತದೆ. ನಾನು ಹೆಸರು ಬರೆದು ಕವರಿಗೆ ಹಾಕಿ ಕೊಡುತ್ತೇನೆ, ಬ್ಯಾರಕಿಗೆ ಒಯ್ಯುವವರು ಬೇರೆ. ನಿದ್ದೆ ಮಾತ್ರೆ ನಾಲಿಗೆಯ ಅಡಿ ಇಟ್ಟುಕೊಂಡು ಬೀಡಿಗೆ ಮಾರುವವರೂ ಇದ್ದಾರೆ.

ಮೊನ್ನೆ ಫಿಟ್ಸ್ ಇರುವ ಒಬ್ಬ ಹುಡುಗನನ್ನು ಬೆಳಿಗ್ಗೆ ಬೇಗ ಕೋರ್ಟಿಗೆ ಕರೆದುಕೊಂಡು ಹೋದರು, ವಾಪಸ್ ಬಂದಾಗ ರಾತ್ರಿ 7 ಗಂಟೆ, ಅವನ ಕವರು ನನ್ನ ಮೇಜಿನ ಮೇಲೆಯೇ ಇತ್ತು. ಎರಡು ಡೋಸ್ ತಪ್ಪಿತು. ರಾತ್ರಿ ಫಿಟ್ಸ್ ಬಂತು. ನನ್ನ ತಪ್ಪೂ ಇದೆ, ಯಾರಿಗೆ ಯಾವಾಗ ಕೋರ್ಟು ಅಂತ ನಾನು ಕೇಳಿಯೇ ಇರಲಿಲ್ಲ. ಅನುಭವ ಇದ್ದವರು ಹೇಳಿ.

ಉಡುಪಿಯ ನಿವೃತ್ತ ನರ್ಸ್:
ಎಲ್ಲ ಮಾತ್ರೆಯನ್ನೂ ಒಂದೇ ರೀತಿ ಹಂಚಬೇಡಿ ಮಾರಾಯ್ರೆ. ನಿದ್ದೆ ಮಾತ್ರೆ, ಮಾನಸಿಕ ಕಾಯಿಲೆಯದ್ದು, ಟಿಬಿಯದ್ದು ಎದುರಿಗೇ ನುಂಗಿಸಿ, ಒಂದು ಲೋಟ ನೀರು ಕುಡಿಸಿ ಬಾಯಿ ತೆರೆಸಿ ನೋಡಿ. ಬಿಪಿ, ಶುಗರ್ ಮಾತ್ರೆಯನ್ನು ಡಾಕ್ಟರ್ ಒಪ್ಪಿದರೆ ವಾರದ್ದು ಒಟ್ಟಿಗೆ ಕೊಡಿ, ಅದನ್ನು ಯಾರೂ ಬೀಡಿಗೆ ಕೊಳ್ಳುವುದಿಲ್ಲ! ಅರ್ಧ ಕ್ಯೂ ಅಲ್ಲೇ ಕರಗುತ್ತದೆ. ಪುಡಿ ಮಾಡಿ ಕೊಡಿ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ, ಆದರೆ ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಮ್ಮೆಲೇ ಮೈಗೆ ಸೇರುತ್ತದೆ. ನಿಮಗೆ ಗೊತ್ತಿರುತ್ತದೆ, ಬ್ಯಾರಕಿನವರಿಗೆ ಗೊತ್ತಿರುವುದಿಲ್ಲ.

ಸುಮ್ನೆ ಓದುವವ:
ಹೊರಗೆ ಬಡವರಿಗೆ ಮಾತ್ರೆ ಸಿಗುವುದಿಲ್ಲ, ಒಳಗಿರುವ ಕಳ್ಳರಿಗೆ ಇಷ್ಟೆಲ್ಲ ಯಾಕೆ?

ವಕೀಲೆ, ಮಂಗಳೂರು:
ದೇಶದ ಜೈಲುಗಳಲ್ಲಿ ಇರುವವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು, ಅಪರಾಧ ಇನ್ನೂ ಸಾಬೀತಾಗಿಲ್ಲ. ಮತ್ತೆ ಟಿಬಿ ಬಾಗಿಲು ನೋಡಿ ಬರುವುದಿಲ್ಲ, ವಾರ್ಡರ್ ನಿಮ್ಮ ಬಸ್ಸಿನಲ್ಲೇ ಮನೆಗೆ ಹೋಗುತ್ತಾರೆ.

ಫಾರ್ಮಸಿಸ್ಟರೇ, ನಾಳೆ ಯಾರನ್ನು ಕೋರ್ಟಿಗೆ ಕಳಿಸಬೇಕು ಅನ್ನುವ ಪಟ್ಟಿ ಜೈಲು ಕಚೇರಿಯಲ್ಲಿ ಹಿಂದಿನ ದಿನವೇ ಇರುತ್ತದೆ. ಸಂಜೆ ಅದರ ಒಂದು ಪ್ರತಿ ನಿಮಗೆ ಬರಬೇಕು, ಅಷ್ಟೇ. ಬಿಡುಗಡೆ ಇನ್ನೂ ಕಷ್ಟ. ಜಾಮೀನಿನ ಆದೇಶ ಸಂಜೆ ಬರುತ್ತದೆ, ಮನುಷ್ಯ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾನೆ, 6 ತಿಂಗಳ ಟಿಬಿ ಕೋರ್ಸ್ ಮೂರನೇ ತಿಂಗಳಿಗೆ ನಿಲ್ಲುತ್ತದೆ. ಗೇಟಿನಲ್ಲಿ ಸಹಿ ಹಾಕಿಸುವಾಗಲೇ ಒಂದು ವಾರದ ಮಾತ್ರೆ, ಒಂದು ಚೀಟಿ ಕೈಗೆ ಸಿಗುವ ಹಾಗೆ ಮಾಡಿ. ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳಲ್ಲಿ 24ನೇ ನಿಯಮ ಇದನ್ನೇ ಹೇಳುತ್ತದೆ: ಹೊರಗಿನವರಿಗೆ ಸಿಗುವ ಚಿಕಿತ್ಸೆ ಒಳಗೂ ಸಿಗಬೇಕು, ನಡುವೆ ತುಂಡಾಗಬಾರದು. ಅದನ್ನು ಹಾಕಿಯೇ ಸೂಪರಿಂಟೆಂಡೆಂಟರಿಗೆ ಪತ್ರ ಬರೆಯಿರಿ. ಬಾಯಿಮಾತಿಗೆ ಬೆಲೆ ಇಲ್ಲ.

ಉಡುಪಿಯ ನಿವೃತ್ತ ನರ್ಸ್:
ಇನ್ಸುಲಿನ್ ಮರೆಯಬೇಡಿ. ನಮ್ಮ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಗೊತ್ತುಂಟಲ್ಲ. ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇಡಿ, 2ರಿಂದ 8 ಡಿಗ್ರಿ ಇರಬೇಕು. ಫ್ರೀಜರಿಗೆ ತಾಗಿಸಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯುವುದೇ.

ಕುಡ್ಲದ ಫಾರ್ಮಸಿಸ್ಟ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೇಳಿದೆ, ಪಟ್ಟಿಯ ಫೋಟೋ ವಾಟ್ಸಾಪಿಗೆ ಬಂತು, ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ನಾಳೆ 11 ಜನರಿಗೆ ಕೋರ್ಟು, ಅದರಲ್ಲಿ ನಾಲ್ವರು ನನ್ನ ರೋಗಿಗಳು. ಮಧ್ಯಾಹ್ನದ ಕವರು ಕಟ್ಟಿ ಇಟ್ಟಿದ್ದೇನೆ. ಕರೆದುಕೊಂಡು ಹೋಗುವ ಪೊಲೀಸರು ಅದನ್ನು ಹಿಡಿದುಕೊಳ್ಳುತ್ತಾರಾ ಅಂತ ಬೆಳಿಗ್ಗೆ ನೋಡಬೇಕು.