ಉಡುಪಿಯಲ್ಲಿ ಮೊದಲ ಉಪ್ಪುನೀರಿನ ಟ್ಯಾಂಕ್: ಮಲ್ಪೆಯ ಕಡಲ ನೀರನ್ನೇ ತಂದು ಹಾಕಬಹುದೇ?

ಬಾವಿಕಟ್ಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಖಾಲಿ ಇದೆ, 10 ಎಂಎಂ ಗಾಜು. ಮೊದಲು ಅದರಲ್ಲಿ ಸಿಹಿನೀರಿನ ಮೀನು ಇದ್ದವು. ಈಗ ಉಪ್ಪುನೀರಿಗೆ ಬದಲಾಯಿಸಿ ಒಂದು ಜೋಡಿ ಕ್ಲೌನ್ ಮೀನು, ಜೊತೆಗೆ ಇನ್ನೊಂದೆರಡು ಸಣ್ಣ ಮೀನು ಬಿಡುವ ಯೋಚನೆ. ಕೋರಲ್ ಸದ್ಯಕ್ಕಿಲ್ಲ.

ಅನುಮಾನಗಳು ಇವು. ಮಲ್ಪೆ ಹತ್ತಿರವೇ ಇರುವುದರಿಂದ ಕ್ಯಾನಿನಲ್ಲಿ ಕಡಲ ನೀರು ತಂದರೆ ಆಗದೇ? ಉಪ್ಪಿನ ಬಕೆಟ್ ಬೆಲೆ ನೋಡಿ ತಲೆ ತಿರುಗಿತು. ನಮ್ಮ ಬಾವಿ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಬರೀ 60, ಅದಕ್ಕೂ ಆರ್‌ಓ ಬೇಕಾ? ಹಳೆಯ ಕ್ಯಾನಿಸ್ಟರ್ ಫಿಲ್ಟರ್ ಇದೆ, ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಇಲ್ಲದೆ ನಡೆಯುತ್ತದಾ? ನೀರು ತಂಪು ಮಾಡುವ ಚಿಲ್ಲರ್ ಕಡ್ಡಾಯವಾ? ಬೀಚಿನಲ್ಲಿ ಸಿಗುವ ಕೋರಲ್ ತುಂಡು, ಕಲ್ಲುಗಳನ್ನು ತೊಳೆದು ಒಳಗೆ ಇಡಬಹುದಾ?

ಅಳಿವೆ_ಬಾಗಿಲು

ಕಡಲು ಹತ್ತಿರ ಇದ್ದ ಮಾತ್ರಕ್ಕೆ ಟ್ಯಾಂಕಿಗೆ ಬೇಕಾದ ನೀರು ಹತ್ತಿರ ಇದೆ ಅಂತಲ್ಲ ಮಾರಾಯ್ರೆ. ಮಲ್ಪೆ ಬಂದರು, ಪಕ್ಕದಲ್ಲೇ ಅಳಿವೆ. ದಡದ ನೀರಿನಲ್ಲಿ ಬೋಟಿನ ಡೀಸೆಲ್ ಇರುತ್ತದೆ, ಹೊಳೆಯ ಕೆಸರು ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ನೀರು ನುಗ್ಗಿ ಉಪ್ಪಿನಂಶ ಎಲ್ಲಿಗೋ ಇಳಿದಿರುತ್ತದೆ. ತುಂಬಿಸಿಕೊಂಡು ಬಂದ ಕ್ಯಾನಿನಲ್ಲಿ ಕಣ್ಣಿಗೆ ಕಾಣದ ಪ್ಲವಕ ಜೀವಿಗಳೂ ಬಂದಿರುತ್ತವೆ. ಮುಚ್ಚಳ ಹಾಕಿದ ಮೇಲೆ ಅವು ಸತ್ತು ಕೊಳೆತು ಅಮೋನಿಯ ಏರುತ್ತದೆ. ತರಲೇಬೇಕು ಅಂದರೆ ಜನವರಿಯಿಂದ ಏಪ್ರಿಲ್ ಒಳಗೆ, ಅಳಿವೆಯಿಂದ ದೂರ, ದೋಣಿಯಲ್ಲಿ ಹೊರಗೆ ಹೋಗಿ ತುಂಬಿಸಬೇಕು. ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಏರ್ ಪಂಪ್ ಹಾಕಿ ಎರಡು ಮೂರು ವಾರ ಇಟ್ಟು, ತಳದ ಗಸಿ ಬಿಟ್ಟು ಮೇಲಿನ ನೀರನ್ನಷ್ಟೇ ತೆಗೆಯಬೇಕು. ಇದೆಲ್ಲ ಪ್ರತಿ ವಾರದ ನೀರು ಬದಲಾವಣೆಗೂ ಆಗಬೇಕು. ಲೆಕ್ಕ ಹಾಕಿದರೆ ಉಪ್ಪೇ ಅಗ್ಗ.

ನಿಮ್ಮ ಟ್ಯಾಂಕ್ ಹೊರ ಅಳತೆಯಲ್ಲಿ 190 ಲೀಟರ್ ಚಿಲ್ಲರೆ. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ನೀರು ಸುಮಾರು 150 ಲೀಟರ್. ಲೀಟರಿಗೆ 36-38 ಗ್ರಾಂ ಅಕ್ವೇರಿಯಂ ಉಪ್ಪು ಬೇಕು. ಮೊದಲ ಸಲಕ್ಕೆ ಐದೂವರೆ ಕಿಲೋ, ಆಮೇಲೆ ವಾರಕ್ಕೆ 15 ಲೀಟರ್ ಬದಲಿಸಿದರೆ ತಿಂಗಳಿಗೆ ಎರಡೂ ಕಾಲು ಕಿಲೋ. ಅಡುಗೆ ಉಪ್ಪು, ಕಲ್ಲುಪ್ಪು ಬೇಡವೇ ಬೇಡ. ಅದು ಬಹುಪಾಲು ಸೋಡಿಯಂ ಕ್ಲೋರೈಡ್. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪಿಎಚ್ ಹಿಡಿದಿಡುವ ಕ್ಷಾರ ಅದರಲ್ಲಿ ಬೇಕಾದಷ್ಟು ಇರುವುದಿಲ್ಲ.

ಬಾವಿ ನೀರಿನ 60 ನೋಡಿ ಸಮಾಧಾನ ಪಡಬೇಡಿ. ಟಿಡಿಎಸ್ ಮೀಟರ್ ಎಷ್ಟಿದೆ ಅಂತ ಹೇಳುತ್ತದೆ, ಏನಿದೆ ಅಂತ ಹೇಳುವುದಿಲ್ಲ. ನಮ್ಮ ಮುರಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣ, ಸಿಲಿಕೇಟ್ ಬರಬಹುದು, ತೋಟದ ಪಕ್ಕದ ಬಾವಿಯಾದರೆ ನೈಟ್ರೇಟ್ ಕೂಡ. ಟ್ಯಾಂಕಿನಲ್ಲಿ ನೀರಷ್ಟೇ ಆವಿಯಾಗುತ್ತದೆ, ಇವೆಲ್ಲ ಒಳಗೇ ಉಳಿದು ಕೂಡುತ್ತಾ ಹೋಗುತ್ತವೆ. ಆರ್‌ಓ ಮೆಂಬ್ರೇನ್ ದಾಟಿ ಬಂದ ನೀರಿಗೆ ಒಂದು ಡಿಐ (ಉಳಿದ ಲವಣವನ್ನೂ ಹೀರುವ) ರೆಸಿನ್ ಕಾರ್ಟ್ರಿಜ್ ಹಾಕಿ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಓ ಬಳಸುವುದಾದರೆ ಟಿಡಿಎಸ್ ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಜ್‌ಗೆ ಮೊದಲೇ ಪೈಪ್ ಕವಲು ತೆಗೆಯಿರಿ, ಏಕೆಂದರೆ ತೆಗೆದ ಲವಣವನ್ನು ಅವು ಮತ್ತೆ ಸೇರಿಸುತ್ತವೆ. ಕರಾವಳಿಯ ಬಾವಿ ನೀರು ಹುಳಿ ಕಡೆಗಿರುತ್ತದೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದು ಮೆಂಬ್ರೇನ್ ದಾಟಿ ರೆಸಿನ್‌ ಅನ್ನು ಬೇಗ ಖಾಲಿ ಮಾಡುತ್ತದೆ. ಆರ್‌ಓ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಏರ್ ಸ್ಟೋನ್ ಹಾಕಿ ಇಟ್ಟು, ನಂತರ ಸಣ್ಣ ಪಂಪಿನಿಂದ ಡಿಐ ಮೂಲಕ ಹಾಯಿಸಿದರೆ ರೆಸಿನ್ ಬಾಳಿಕೆ ಬರುತ್ತದೆ.

ಕಲಸುವಾಗ ಡ್ರಮ್ಮಿಗೆ ಮೊದಲು ನೀರು, ಪಂಪ್ ತಿರುಗುತ್ತಿರುವಾಗ ಸ್ವಲ್ಪ ಸ್ವಲ್ಪವೇ ಉಪ್ಪು. ಉಪ್ಪು ಹಾಕಿ ಮೇಲೆ ನೀರು ಸುರಿದರೆ ತಳದಲ್ಲಿ ಗಟ್ಟಿ ದ್ರಾವಣವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಒಂದು ರಾತ್ರಿ ತಿರುಗಲಿ, ಬೆಳಿಗ್ಗೆ ಅಳೆಯಿರಿ. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು), ಅಂದರೆ 1.026 ಸಾಂದ್ರತೆ.

ಅಳೆಯಲು ರಿಫ್ರಾಕ್ಟೋಮೀಟರ್, ಅಂದರೆ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ಸಾಧನ. ತೇಲು ಮುಳ್ಳಿನ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡ, ಮುಳ್ಳಿಗೆ ಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ. ರಿಫ್ರಾಕ್ಟೋಮೀಟರನ್ನು ಬರೀ ಶುದ್ಧ ನೀರಿಗೆ ಸೊನ್ನೆ ಮಾಡಿ ಬಿಟ್ಟರೆ ಸಾಲದು, 35ರ ಹತ್ತಿರ ಅದು ತಪ್ಪಿರಬಹುದು. 963.5 ಗ್ರಾಂ ಡಿಐ ನೀರಿಗೆ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಕರಗಿಸಿದರೆ ಆ ದ್ರಾವಣ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ ಕಡಲ ನೀರಿನಂತೆ ಕಾಣಬೇಕು. ಕಾಣದಿದ್ದರೆ ಸ್ಕ್ರೂ ತಿರುಗಿಸಿ ಅಲ್ಲಿಗೆ ತನ್ನಿ.

ಸೊನ್ನೆ_ಟಿಡಿಎಸ್_ಬೆಂಗಳೂರು

ನೀರಿನ ಬಗ್ಗೆ ಮೇಲಿನವರ ಮಾತಿಗೆ ನನ್ನದೂ ಸಹಿ. ಸಾಮಾನಿನ ಬಗ್ಗೆ ಹೇಳುತ್ತೇನೆ.

ಮೊದಲು ಸ್ಟ್ಯಾಂಡ್. ನೀರು 150 ಕಿಲೋ, ಗಾಜು 42 ಕಿಲೋ ಹತ್ತಿರ, ಕಲ್ಲು ಮರಳು ಸೇರಿ 30 ಕಿಲೋ. ಸುಮಾರು 220 ಕಿಲೋ ಹೊರುವ, ಮಟ್ಟಸವಾದ ಸ್ಟ್ಯಾಂಡ್ ಬೇಕು, ಕೆಳಗೆ ಥರ್ಮೋಕೋಲ್ ಹಾಳೆ. ಕಬ್ಬಿಣದ್ದಾದರೆ ಪೌಡರ್ ಕೋಟಿಂಗ್ ಮಾಡಿಸಿ, ಉಪ್ಪಿನ ಹನಿ ಬಿದ್ದಲ್ಲೆಲ್ಲ ತುಕ್ಕು ಶುರುವಾಗುತ್ತದೆ. ಹಳೆಯ ಟ್ಯಾಂಕಿನಲ್ಲಿ ತಾಮ್ರದ ಔಷಧಿ ಬಳಸಿದ್ದರೆ ವಿನೆಗರ್‌ನಲ್ಲಿ ಚೆನ್ನಾಗಿ ತೊಳೆದು, ನೀರು ತುಂಬಿಸಿ ಕಾಪರ್ ಟೆಸ್ಟ್ ಮಾಡಿ. ಮೀನು ತಡೆದುಕೊಳ್ಳುವಷ್ಟು ತಾಮ್ರ ಬಸವನಹುಳು, ಸಿಗಡಿಗಳನ್ನು ಕೊಲ್ಲುತ್ತದೆ.

ಸಂಪ್ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ. ಮೊದಲ ಟ್ಯಾಂಕಿಗೆ ಗಾಜು ಕೊರೆಸುವ ತಲೆನೋವು ಬೇಡ ಎನ್ನುವುದು ನನ್ನ ಅಭಿಪ್ರಾಯ. ನೊರೆಯ ಜೊತೆ ಕೊಳೆ ತೆಗೆಯುವ, ಹಿಂಬದಿಗೆ ನೇತುಹಾಕುವ ಪ್ರೊಟೀನ್ ಸ್ಕಿಮ್ಮರ್ ಒಂದು, ನೀರನ್ನು ಸುತ್ತಾಡಿಸುವ, ಗಂಟೆಗೆ 2000-3000 ಲೀಟರಿನ ವೇವ್‌ಮೇಕರ್ ಎರಡು, ಇಷ್ಟು ಸಾಕು. ವೇವ್‌ಮೇಕರ್ ಎರಡನ್ನೂ ಎದುರು ಮೂಲೆಗಳಲ್ಲಿ, ಮೇಲ್ಮೈ ಸದಾ ಅಲುಗಾಡುವಂತೆ ಇಡಿ, ನೀರಿಗೆ ಆಮ್ಲಜನಕ ಸೇರುವುದು ಅಲ್ಲೇ. ಕ್ಯಾನಿಸ್ಟರ್ ಒಳಗೆ ಫಿಲ್ಟರ್ ಹತ್ತಿ ಮತ್ತು ಕಾರ್ಬನ್ ಮಾತ್ರ ಹಾಕಿ, ವಾರಕ್ಕೊಮ್ಮೆ ಹತ್ತಿ ಬದಲಿಸಿ. ಸಿಹಿನೀರಿನ ರೂಢಿಯಂತೆ ಮೂರು ತಿಂಗಳು ಮುಟ್ಟದೆ ಬಿಟ್ಟರೆ ಅದೊಂದು ನೈಟ್ರೇಟ್ ಕಾರ್ಖಾನೆ.

ಒಣ ಕಲ್ಲು 12-15 ಕಿಲೋ. ಕಲ್ಲನ್ನು ನೇರ ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನು ಕೆಳಗೆ ತೋಡಿದ ದಿನ ಗುಡ್ಡೆ ಕುಸಿಯುತ್ತದೆ. ಮರಳು ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಮರಳು), ಒಂದರಿಂದ ಒಂದೂವರೆ ಇಂಚು. ಹೊಳೆ ಮರಳು, ಎಂ-ಸ್ಯಾಂಡ್ ಬೇಡ.

ಕರೆಂಟ್ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಮೀಟರ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯೋ ನೋಡಿ. ಪ್ರತಿ ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಬಳುಕಿ ಮೇಲೇರಬೇಕು, ವೈರು ಹಿಡಿದು ಹರಿದ ಹನಿ ಸಾಕೆಟ್ ಒಳಗೆ ಹೋಗದೆ ಆ ಬಾಗಿನಲ್ಲೇ ಉದುರುತ್ತದೆ. ಇನ್ವರ್ಟರ್ ಸೈನ್ ವೇವ್ ಇರಲಿ, ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಮಳೆಗಾಲಕ್ಕೆ ಬ್ಯಾಟರಿ ಏರ್ ಪಂಪ್ ಒಂದಾದರೂ ಇರಲೇಬೇಕು. ನೀರಿನ ಓಡಾಟ ನಿಂತರೆ ಮೀನು ಸಾಯುವುದು ಉಪ್ಪಿನಿಂದಲೂ ಅಲ್ಲ, ಬಿಸಿಯಿಂದಲೂ ಅಲ್ಲ, ಉಸಿರುಕಟ್ಟಿ.

ಚಿಲ್ಲರ್ ಈಗಲೇ ಬೇಡ. ಒಂದು ಫ್ಯಾನ್ ಮೇಲ್ಮೈಗೆ ಬೀಸಲಿ, 2-3 ಡಿಗ್ರಿ ಇಳಿಯುತ್ತದೆ.

ಅಳಿವೆ_ಬಾಗಿಲು

ಆ 2-3 ಡಿಗ್ರಿ ನಿಮ್ಮ ಬೆಂಗಳೂರಿನ ಲೆಕ್ಕ. ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಏಪ್ರಿಲ್-ಮೇ ಸೆಕೆಯಲ್ಲಿ ಇಲ್ಲಿ ಗಾಳಿಯೇ ಒದ್ದೆ, ಇಳಿಯುವುದು ಒಂದು ಡಿಗ್ರಿಯಾದರೆ ಪುಣ್ಯ. ಕೋಣೆ 33 ಇದ್ದರೆ ಟ್ಯಾಂಕ್ 32, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಬೇರೆ. ಕ್ಲೌನ್ 28-29 ತಡೆಯುತ್ತದೆ, 32ರಲ್ಲಿ ವಾರಗಟ್ಟಲೆ ಇಡುವುದು ಸರಿಯಲ್ಲ. ಈಗ ಖರೀದಿಸದಿದ್ದರೂ ಮಾರ್ಚ್ ಒಳಗೆ ಚಿಲ್ಲರ್‌ಗೆ ದುಡ್ಡು ತೆಗೆದಿಡಿ. ಇಷ್ಟು ನೀರಿಗೆ 1/10 ಎಚ್‌ಪಿ ಸಾಕು. ಅದನ್ನು ಸ್ಟ್ಯಾಂಡಿನ ಕಪಾಟಿನೊಳಗೆ ಮುಚ್ಚಿಡಬೇಡಿ, ಅದು ಉಗುಳಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಫ್ಯಾನ್ ಹಾಕಿದರೆ ದಿನಕ್ಕೆ 2-3 ಲೀಟರ್ ಆವಿಯಾಗುತ್ತದೆ. ಅದಕ್ಕೆ ಮರುಪೂರಣ ಸಿಹಿನೀರು, ಅಂದರೆ ಡಿಐ ನೀರು, ಉಪ್ಪುನೀರಲ್ಲ. ಐದು ದಿನ ಊರಿಗೆ ಹೋಗಿ 15 ಲೀಟರ್ ಇಳಿದರೆ 35 ಇದ್ದದ್ದು 39ರ ಹತ್ತಿರ. ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ದಿನಾ ಅಲ್ಲಿಗೆ ತುಂಬಿಸಿ, ಅಥವಾ ಆಟೋ ಟಾಪ್‌ಅಪ್ ಹಾಕಿಸಿ.

ಬಂಡೆಗೋಬಿ

ಬೀಚಿನ ಕೋರಲ್ ಪ್ರಶ್ನೆ ಹಾಗೇ ಉಳಿದಿದೆ. ಮುಟ್ಟಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಷೆಡ್ಯೂಲ್‌ನಲ್ಲಿವೆ, ಹುಲಿಯ ಜೊತೆಗೆ. ಜೀವಂತ ಇರಲಿ, ಸತ್ತು ದಡಕ್ಕೆ ಬಿದ್ದಿರಲಿ, ಮನೆಗೆ ತಂದರೆ ಅಪರಾಧ. ಸಮುದ್ರಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ, ಅಂಗಡಿಯವರು ಒಳಗಿನಿಂದ ತಂದು ತೋರಿಸಿದರೂ ಬೇಡ ಅನ್ನಿ. ಕಡಲಿಂದ ಕಿತ್ತ 'ಲೈವ್ ರಾಕ್' (ಜೀವಿಗಳು ಅಂಟಿದ ಕಲ್ಲು) ಕೂಡ ಬೇಡ. ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಒಣ ಕಲ್ಲಿನಲ್ಲೂ ಬ್ಯಾಕ್ಟೀರಿಯ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೆ.

ಆ ತಡದ ಹೆಸರೇ ಸೈಕ್ಲಿಂಗ್, ಅಂದರೆ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯ ಟ್ಯಾಂಕಿನಲ್ಲಿ ನೆಲೆಯೂರುವ ಕಾಲ. ಸಿಗಡಿ ತುಂಡು ಹಾಕಿ ಕೊಳೆಸುವ ಹಳೆ ಪದ್ಧತಿ ನಾರುತ್ತದೆ, ಫಾಸ್ಫೇಟ್ ಬಿಟ್ಟುಹೋಗುತ್ತದೆ, ಎಷ್ಟು ಅಮೋನಿಯ ಬಂತು ಅನ್ನುವ ಹಿಡಿತವೂ ಇರುವುದಿಲ್ಲ. ಅಮೋನಿಯಂ ಕ್ಲೋರೈಡ್ ಬಳಸಿ. ನವಸಾಗರ ಅಂತ ಕಲಾಯಿಯವರು ಬಳಸುವುದು ಅದೇ, ಆದರೆ ಅಂಗಡಿಯ ನವಸಾಗರದಲ್ಲಿ ಕಲಬೆರಕೆ ಏನಿರುತ್ತದೋ ಗೊತ್ತಾಗದು, ಲ್ಯಾಬ್ ಗ್ರೇಡ್ ತನ್ನಿ. 150 ಲೀಟರಿಗೆ ಸುಮಾರು 1 ಗ್ರಾಂ ಹಾಕಿದರೆ ಅಮೋನಿಯ 2 ಪಿಪಿಎಂ ಬರುತ್ತದೆ. ಬಾಟಲಿ ಬ್ಯಾಕ್ಟೀರಿಯ ಹಾಕಿ, ಸ್ಕಿಮ್ಮರ್ ನಿಲ್ಲಿಸಿ, ಲೈಟ್ ಆರಿಸಿ, ಬಿಡಿ. ಅಮೋನಿಯ ಇಳಿದು ನೈಟ್ರೈಟ್ ಏರುತ್ತದೆ, ಅದು ಇಳಿದು ನೈಟ್ರೇಟ್ ಉಳಿಯುತ್ತದೆ. ಒಣ ಕಲ್ಲಿಗೆ ನಾಲ್ಕರಿಂದ ಆರು ವಾರ. ಮತ್ತೆ 1 ಗ್ರಾಂ ಹಾಕಿ, 24 ಗಂಟೆಯಲ್ಲಿ ಅಮೋನಿಯ ಸೊನ್ನೆಯಾದರೆ ಟ್ಯಾಂಕ್ ತಯಾರು. ಮೀನು ಬಿಡುವ ಮುಂಚೆ ಒಂದು ದೊಡ್ಡ ನೀರು ಬದಲಾವಣೆ.

ಬಾವಿಕಟ್ಟೆ

ಎಲ್ಲರಿಗೂ ಧನ್ಯವಾದ. ಇಲ್ಲಿ ಹೇಳಿದಂತೆಯೇ ಮಾಡಿದೆ. ಅಮೋನಿಯ ಸೊನ್ನೆಗೆ ಬಂದು ಎರಡು ವಾರ ಆಯಿತು, ನೈಟ್ರೈಟ್ ಮಾತ್ರ ಟೆಸ್ಟ್ ಕಿಟ್‌ನ ಕೊನೆಯ ಕಡು ನೇರಳೆ ಬಣ್ಣದಲ್ಲೇ ನಿಂತಿದೆ. ನೈಟ್ರೇಟ್ 100 ತೋರಿಸುತ್ತಿದೆ. ನೀರು ಬದಲಿಸಲಾ? ಮೀನು ಎಲ್ಲಿಂದ, ಯಾವ ಕ್ರಮದಲ್ಲಿ ತರಲಿ?

ಬಂಡೆಗೋಬಿ

ಆ 100 ನಂಬಬೇಡಿ. ನೈಟ್ರೇಟ್ ಕಿಟ್ ನೈಟ್ರೈಟನ್ನೂ ಸೇರಿಸಿ ಓದುತ್ತದೆ, ನೈಟ್ರೈಟ್ ಇಳಿಯುವವರೆಗೆ ಆ ಟೆಸ್ಟಿಗೆ ಅರ್ಥವಿಲ್ಲ. ಇನ್ನು ಅಮೋನಿಯ ಹಾಕಬೇಡಿ, ಹಾಕಿದಷ್ಟೂ ನೈಟ್ರೈಟ್ ಏರುತ್ತದೆ. ಹೊಸ ಒಣ ಕಲ್ಲಿನ ಟ್ಯಾಂಕಿನಲ್ಲಿ ಫಾಸ್ಫೇಟ್ ಪೂರ್ತಿ ಸೊನ್ನೆ ಇದ್ದರೂ ಬ್ಯಾಕ್ಟೀರಿಯ ಮುಂದುವರಿಯದೆ ನಿಲ್ಲುತ್ತದೆ. ಒಂದು ಚಿಟಿಕೆ ಮೀನಿನ ಆಹಾರ ಹಾಕಿ ವಾರ ನೋಡಿ. ಗಾಬರಿಯೂ ಬೇಡ: ಉಪ್ಪುನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ಮೀನಿನ ಕಿವಿರಿನೊಳಗೆ ನೈಟ್ರೈಟ್ ಸಿಹಿನೀರಿನಲ್ಲಿ ಹೋದಷ್ಟು ಹೋಗುವುದಿಲ್ಲ.

ಕ್ಲೌನ್ ಕಡಲಿಂದ ಹಿಡಿದದ್ದಕ್ಕಿಂತ ಮರಿ ಮಾಡಿಸಿದ್ದು ಕೇಳಿ. ಸಿಎಂಎಫ್‌ಆರ್‌ಐ ಸಂಸ್ಥೆ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕ್ಲೌನ್ ಮರಿ ಉತ್ಪಾದನೆಯ ತಂತ್ರವನ್ನು ಎಂದೋ ರೂಪಿಸಿದೆ, ಹ್ಯಾಚರಿ ಮರಿ ಸಿಗುತ್ತದೆ. ಒಂದು ದೊಡ್ಡದು, ಒಂದು ಸಣ್ಣದು ಆರಿಸಿ. ಎಲ್ಲವೂ ಗಂಡಾಗಿಯೇ ಹುಟ್ಟುತ್ತವೆ, ಮೇಲುಗೈಯಾದದ್ದು ಹೆಣ್ಣಾಗುತ್ತದೆ. ಒಂದೇ ಗಾತ್ರದ ಎರಡು ದೊಡ್ಡ ಮೀನು ತಂದರೆ ಕಚ್ಚಾಟ. ಅವಕ್ಕೆ ಅನಿಮೋನ್ ಬೇಕೆಂದೇನಿಲ್ಲ.

ಮುಖ್ಯ ಟ್ಯಾಂಕಿಗೆ ನೇರ ಬಿಡಬೇಡಿ. 40 ಲೀಟರಿನ ತೊಟ್ಟಿ, ಸ್ಪಾಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು, ಒಂದು ತಿಂಗಳು. ಸ್ಪಾಂಜನ್ನು ಈಗಲೇ ಮುಖ್ಯ ಟ್ಯಾಂಕಿನಲ್ಲಿ ಮುಳುಗಿಸಿಡಿ, ಬ್ಯಾಕ್ಟೀರಿಯ ಕೂರಲಿ. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಇಲ್ಲೇ ಕೊಡಬಹುದು. ಮುಖ್ಯ ಟ್ಯಾಂಕಿನಲ್ಲಿ ಕೊಟ್ಟರೆ ಕಲ್ಲು ತಾಮ್ರವನ್ನು ಹೀರಿ ಆಮೇಲೆ ಬಿಡುತ್ತಾ ಇರುತ್ತದೆ. ರೋಗ ಒಮ್ಮೆ ಮುಖ್ಯ ಟ್ಯಾಂಕಿಗೆ ಹೊಕ್ಕರೆ ಅಲ್ಲಿನ ಮೀನೆಲ್ಲ ತೆಗೆದು 76 ದಿನ ಖಾಲಿ ಇಡುವುದು ವಾಡಿಕೆ.

ಅಂಗಡಿಗಳು ಉಪ್ಪು ಉಳಿಸಲು, ಪರೋಪಜೀವಿ ಕಡಿಮೆ ಮಾಡಲು ನೀರಿನ ಸಾಂದ್ರತೆಯನ್ನು 1.018-1.020ರಲ್ಲಿ ಇಡುವುದುಂಟು. ಎಷ್ಟೆಂದು ಕೇಳಿ, ತೊಟ್ಟಿಯನ್ನೂ ಅಷ್ಟಕ್ಕೇ ಮಾಡಿಡಿ, ನಂತರ ದಿನಕ್ಕೆ 1-2 ಪಿಪಿಟಿಯಂತೆ ಏರಿಸಿ. ಕೊರಿಯರಿನಲ್ಲಿ ದೂರದಿಂದ ಬಂದ ಚೀಲವನ್ನು ಬಿಚ್ಚಿ ಗಂಟೆಗಟ್ಟಲೆ ಹನಿಹನಿ ಬೆರೆಸುತ್ತಾ ಕೂರಬೇಡಿ. ಚೀಲದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದ ಕೂಡಲೇ ಪಿಎಚ್ ಏರಿ, ಅಷ್ಟು ಹೊತ್ತು ಸುಮ್ಮನಿದ್ದ ಅಮೋನಿಯಂ ವಿಷಕಾರಿ ಅಮೋನಿಯವಾಗುತ್ತದೆ. ಚೀಲವನ್ನು ಬಿಚ್ಚದೆ 20 ನಿಮಿಷ ತೇಲಿಸಿ, ಬಿಚ್ಚಿ, ಮೀನನ್ನು ಮಾತ್ರ ತೊಟ್ಟಿಗೆ ಬಿಡಿ, ಚೀಲದ ನೀರು ಚೆಲ್ಲಿ.

ಮೊದಲು ಕ್ಲೌನ್ ಜೋಡಿ. ಅವು ಒಳಗೆ ಹೋಗಿ ಎರಡು ಮೂರು ವಾರ ಕಳೆದ ಮೇಲೆ ಒಂದು ಗೋಬಿ. ಪಾಚಿ ಬೆಳೆದ ಮೇಲೆಯೇ ಲಾನ್‌ಮೋವರ್ ಬ್ಲೆನ್ನಿ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಡೊಮಿನೊ ಡ್ಯಾಮ್ಸೆಲ್ ಅಗ್ಗಕ್ಕೆ ಸಿಗುತ್ತದೆ, ಬೆಳೆದು ಎಲ್ಲರನ್ನೂ ಅಟ್ಟಾಡಿಸುತ್ತದೆ. ಕಲ್ಲನ್ನೆಲ್ಲ ಹೊರಗೆ ತೆಗೆಯದೆ ಹಿಡಿಯಲು ಆಗುವುದಿಲ್ಲ. ನೀಲಿ ಟ್ಯಾಂಗ್‌ಗೆ 6 ಅಡಿ ಟ್ಯಾಂಕ್ ಬೇಕು, ನಿಮ್ಮದರಲ್ಲಿ ಬೇಡ.

ಎರಡನೇ ತಿಂಗಳಲ್ಲಿ ಮರಳಿನ ಮೇಲೆ ಕಂದು ಪುಡಿ ಹರಡಿದರೆ ಅದು ಡಯಾಟಮ್ ಎಂಬ ಪಾಚಿ, ಸಿಲಿಕೇಟ್ ಮುಗಿದಂತೆ ತಾನೇ ಹೋಗುತ್ತದೆ. ಹೋಗದೆ ಲೋಳೆ ಲೋಳೆಯಾಗಿ, ಗುಳ್ಳೆ ಹಿಡಿದ ದಾರದಂತೆ ತೂಗಾಡಿದರೆ ನೈಟ್ರೇಟ್, ಫಾಸ್ಫೇಟ್ ಎರಡರ ರೀಡಿಂಗ್ ಜೊತೆಗೆ ಫೋಟೋ ಇಲ್ಲಿ ಹಾಕಿ. ಅದು ಡೈನೊ (ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಆಗಿದ್ದರೆ ನೀರು ಬದಲಿಸಿದಷ್ಟೂ ಜಾಸ್ತಿಯಾಗುತ್ತದೆ.